ತೂಕದ ಚೀಟಿ, ನೀರಿನ ಮೆಷಿನ್

ಯಾರದಾದರೂ ಮನೆಗೆ ಹೋದಾಗ ಮಗುವನ್ನು ಎತ್ತಿಕೊಂಡು "ಒಳ್ಳೆ ಮೈಕೈ ತುಂಬಿಕೊಂಡಿದೆ" ಅಂದರೆ ತಾಯಿಗೆ ಖುಷಿ. "ಯಾಕೋ ಸೊರಗಿದೆಯಲ್ಲಾ" ಅಂದಿರೋ, ಮುಗಿಯಿತು. ಅಜ್ಜಿ ತುಪ್ಪದ ಮಿಳ್ಳೆ ಹಿಡಿದು ಬಂದರು ಅಂತಲೇ ಲೆಕ್ಕ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಬರಗಾಲ ಕಂಡ ನಾಡು ನಮ್ಮದು. ಮಕ್ಕಳ ತೂಕ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಕಡಿಮೆ ತೂಕದ ಚಿಂತೆಯೇ.

ಅದೇ ಮಗು ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಕತೆ ಬೇರೆ. ಅಲ್ಲಿ ವರ್ಷಕ್ಕೊಮ್ಮೆ ಪಿ.ಟಿ. ಮೇಷ್ಟ್ರು ಮಕ್ಕಳ ಎತ್ತರ, ತೂಕ ಅಳೆಯುತ್ತಾರೆ. ಓಡಿಸುತ್ತಾರೆ, ಬಾಗಿಸುತ್ತಾರೆ, ಪುಷ್ ಅಪ್ ಹೊಡೆಸುತ್ತಾರೆ. ಆಮೇಲೆ 'ಫಿಟ್‌ನೆಸ್‌ಗ್ರಾಂ' ಅನ್ನುವ ಚೀಟಿ ಮನೆಗೆ ಬರುತ್ತದೆ. ಮಗುವಿನ ತೂಕ ಸರಿಯಿದೆಯೋ, ಜಾಸ್ತಿಯೋ ಅಂತ ಅದರಲ್ಲಿ ಬರೆದಿರುತ್ತದೆ. 2000ದ ದಶಕದ ಮಧ್ಯದಲ್ಲಿ ಶುರುವಾದ ಪದ್ಧತಿ ಇದು. ಆಗ ಆ ನಗರದ ಶಾಲೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅಷ್ಟೂ ಮಕ್ಕಳ ತೂಕ ವರ್ಷ ವರ್ಷವೂ ಒಂದು ಕಡೆ ಬಂದು ಸೇರಿದರೆ ಏನೇನು ಗೊತ್ತಾಗಬಹುದು? ಗೊತ್ತಾದದ್ದು ಸ್ವಲ್ಪ ವಿಚಿತ್ರವಾಗಿದೆ. ಚೀಟಿ ಹಂಚಿದ್ದರಿಂದ ಮಕ್ಕಳ ತೂಕ ಇಳಿದದ್ದು ಕಾಣಲಿಲ್ಲ. ಊಟದ ಕೋಣೆಯಲ್ಲಿ ಒಂದು ನೀರಿನ ಮೆಷಿನ್ ಇಟ್ಟಿದ್ದರಿಂದ ಇಳಿಯಿತು.

ಮುಂದೆ ಹೋಗುವ ಮೊದಲು ಒಂದು ಮಾತು. ಅಮೆರಿಕದವರು 'ಪಬ್ಲಿಕ್ ಸ್ಕೂಲ್' ಅಂದರೆ ಅದು ಸರ್ಕಾರದ, ಫೀಸಿಲ್ಲದ ಶಾಲೆ. ನಮ್ಮಲ್ಲಿ ಬೋರ್ಡಿನ ಮೇಲೆ 'ಪಬ್ಲಿಕ್ ಸ್ಕೂಲ್' ಅಂತಿದ್ದರೆ ಬಹಳ ಸಲ ಅದು ಲಕ್ಷಗಟ್ಟಲೆ ಫೀಸಿನ ಖಾಸಗಿ ಶಾಲೆ. (ನಮ್ಮ 'ಕರ್ನಾಟಕ ಪಬ್ಲಿಕ್ ಶಾಲೆ' ಮಾತ್ರ ನಿಜಕ್ಕೂ ಸರ್ಕಾರಿ.) ಇದು ಬರೀ ಪದದ ತಮಾಷೆ ಅಲ್ಲ. ಅಮೆರಿಕದಲ್ಲಿ ಬಡ ಮಕ್ಕಳಲ್ಲಿ ಬೊಜ್ಜು ಜಾಸ್ತಿ, ನಮ್ಮಲ್ಲಿ ಉಳ್ಳವರ ಮಕ್ಕಳಲ್ಲಿ ಜಾಸ್ತಿ. ಹಾಗಾಗಿ ಅಲ್ಲಿಯ ಅಂಕಿಗಳನ್ನು ಓದುವಾಗ ಯಾವ ಪಬ್ಲಿಕ್ ಸ್ಕೂಲ್ ಅನ್ನುವುದು ನೆನಪಿರಬೇಕು.

ದಪ್ಪ ಅಂದರೆ ಎಷ್ಟು ದಪ್ಪ?

ಬಿಎಂಐ ಅನ್ನುವ ಲೆಕ್ಕ ನಿಮಗೆ ಗೊತ್ತಿರಬಹುದು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸುವುದು, ಅಷ್ಟೇ. 19ನೇ ಶತಮಾನದಲ್ಲಿ ಬೆಲ್ಜಿಯಂನ ಅಡಾಲ್ಫ್ ಕ್ವೆಟೆಲೆ ಅನ್ನುವ ಗಣಿತಜ್ಞ ಹಾಕಿಕೊಟ್ಟ ಸೂತ್ರ. ಆತ ವೈದ್ಯನಲ್ಲ. 'ಸಾಮಾನ್ಯ ಮನುಷ್ಯ' ಹೇಗಿರುತ್ತಾನೆ ಅಂತ ಹುಡುಕುತ್ತಿದ್ದವನು. ಒಬ್ಬೊಬ್ಬರ ಆರೋಗ್ಯ ಹೇಳುವುದಕ್ಕೆ ಮಾಡಿದ ಸೂತ್ರ ಅಲ್ಲ ಅದು, ಜನರ ಗುಂಪನ್ನು ಅಳೆಯುವುದಕ್ಕೆ ಮಾಡಿದ್ದು. ಈ ವಿಷಯ ಆಮೇಲೆ ಮತ್ತೆ ಬರುತ್ತದೆ.

ದೊಡ್ಡವರಿಗೆ ಲೆಕ್ಕ ಸುಲಭ. 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು ಅಂತ ಗೆರೆ ಎಳೆದಿದ್ದಾರೆ. ಮಕ್ಕಳಿಗೆ ಅದು ಆಗುವುದಿಲ್ಲ. ಮಕ್ಕಳು ಬೆಳೆಯುತ್ತಾರೆ, ಅದೂ ಒಂದೇ ಸಮನೆ ಬೆಳೆಯುವುದಿಲ್ಲ. ಒಂದು ವರ್ಷದ ಗುಂಡು ಗುಂಡು ಮಗು ಓಡಾಡಲು ಶುರು ಮಾಡಿದ ಮೇಲೆ ತೆಳ್ಳಗಾಗುತ್ತಾ ಹೋಗುತ್ತದೆ. ಐದಾರು ವರ್ಷದ ಹೊತ್ತಿಗೆ ಬಿಎಂಐ ತೀರಾ ಕೆಳಗಿರುತ್ತದೆ, ಆಮೇಲೆ ಮತ್ತೆ ಏರುತ್ತದೆ. "ಶಾಲೆಗೆ ಸೇರಿದ ಮೇಲೆ ಮಗು ಸೊರಗಿಹೋಯಿತು" ಅಂತ ಅಮ್ಮಂದಿರು ಹೇಳುವುದು ಇದೇ ವಯಸ್ಸಿನಲ್ಲಿ. ಶಾಲೆಯ ತಪ್ಪೇನಿಲ್ಲ, ಅದು ಬೆಳವಣಿಗೆಯ ಲಯ.

ಒಂದು ಲೆಕ್ಕ ಮಾಡೋಣ. ಹತ್ತು ವರ್ಷದ ಹುಡುಗ, 140 ಸೆಂ.ಮೀ. ಎತ್ತರ, 45 ಕಿಲೋ. ಬಿಎಂಐ 23. ಹದಿನೈದು ವರ್ಷದ ಹುಡುಗ, 165 ಸೆಂ.ಮೀ., 63 ಕಿಲೋ. ಅವನದೂ ಹತ್ತಿರ ಹತ್ತಿರ 23. ಅಮೆರಿಕದ ಪಟ್ಟಿಯ ಪ್ರಕಾರ ದೊಡ್ಡ ಹುಡುಗನ ತೂಕ ಸರಿಯಾಗಿದೆ. ಚಿಕ್ಕವನಿಗೆ ಬೊಜ್ಜು. ಸಂಖ್ಯೆ ಒಂದೇ, ಅರ್ಥ ಎರಡು.

ಹಾಗಾದರೆ ಗೆರೆ ಎಳೆಯುವುದು ಹೇಗೆ? ಒಂದೇ ವಯಸ್ಸಿನ 100 ಹುಡುಗರನ್ನು ಬಿಎಂಐ ಪ್ರಕಾರ ಸಾಲಾಗಿ ನಿಲ್ಲಿಸಿ. ತೆಳ್ಳಗಿನವನು ಮುಂದೆ, ದಪ್ಪಗಿನವನು ಹಿಂದೆ. 85ನೆಯವನನ್ನು ದಾಟಿದರೆ ಅಧಿಕ ತೂಕ, 95ನೆಯವನನ್ನು ದಾಟಿದರೆ ಬೊಜ್ಜು. ಹುಡುಗಿಯರಿಗೆ ಬೇರೆ ಸಾಲು. ಪರ್ಸೆಂಟೈಲ್ ಅಂದರೆ ಇಷ್ಟೇ.

ಇಲ್ಲಿ ಜಾಣ ಓದುಗರು ಕೈ ಎತ್ತಬೇಕು. 95ನೆಯವನ ಹಿಂದೆ ಇರುವುದು ಐದೇ ಜನ ಅಲ್ವಾ? ಹಾಗಿದ್ದರೆ 100ಕ್ಕೆ 20 ಮಕ್ಕಳಿಗೆ ಬೊಜ್ಜಿದೆ ಅಂತ ಹೇಳುವುದು ಹೇಗೆ? ಯಾಕೆಂದರೆ ಸಾಲು ಇವತ್ತಿನ ಮಕ್ಕಳದಲ್ಲ. ಅಮೆರಿಕದ ಬೆಳವಣಿಗೆಯ ಪಟ್ಟಿ ಹೊರಬಂದದ್ದು 2000ದಲ್ಲಿ. ಆದರೆ ಅದಕ್ಕೆ ಬಳಸಿದ್ದು 1960ರ ದಶಕದಿಂದ ಅಳೆಯುತ್ತಾ ಬಂದಿದ್ದ ಮಕ್ಕಳ ಲೆಕ್ಕ. 1988ರಿಂದ 1994ರ ನಡುವೆ ಅಳೆದ ದೊಡ್ಡ ಮಕ್ಕಳ ತೂಕವನ್ನು ಬೇಕೆಂದೇ ಕೈಬಿಟ್ಟರು. ಅಷ್ಟು ಹೊತ್ತಿಗೆ ಮಕ್ಕಳು ದಪ್ಪಗಾಗಿದ್ದರು, ಅವರನ್ನೂ ಸೇರಿಸಿದ್ದರೆ ಗೆರೆಯೇ ಮೇಲೆ ಹೋಗಿಬಿಡುತ್ತಿತ್ತು. ಅಂದರೆ ಇವತ್ತಿನ ಮಗುವನ್ನು ನಿಲ್ಲಿಸುತ್ತಿರುವುದು ಅದರ ಅಪ್ಪ ಅಮ್ಮನ ಕಾಲದ ಗ್ರೂಪ್ ಫೋಟೋ ಪಕ್ಕದಲ್ಲಿ. ಫೋಟೋ ಬದಲಾಗುವುದಿಲ್ಲ, ಅದಕ್ಕೇ ಏರಿಳಿತ ಕಾಣುತ್ತದೆ.

ಆ ಏರಿಕೆ ಸಣ್ಣದಲ್ಲ. 1970ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಮಕ್ಕಳಲ್ಲಿ ಬೊಜ್ಜಿದ್ದವರು 100ಕ್ಕೆ 5 ಜನ. 1988–94ರ ಸಮೀಕ್ಷೆಯಲ್ಲಿ 10. 2017ರಿಂದ 2020ರ ಮಾರ್ಚ್‌ವರೆಗಿನ ಸಮೀಕ್ಷೆಯಲ್ಲಿ 19.7. ಅಂದರೆ ಸುಮಾರು 1 ಕೋಟಿ 47 ಲಕ್ಷ ಮಕ್ಕಳು.

ಇಳಿದದ್ದು 1.2ರಷ್ಟೋ, 5.5ರಷ್ಟೋ?

ಏರುತ್ತಲೇ ಇದ್ದ ಗ್ರಾಫು ಒಂದು ಕಡೆ ಬಾಗಿತು ಅಂದರೆ ಅದು ಸುದ್ದಿ. 2011ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಅಂಥ ಸುದ್ದಿ ಬಂತು. ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿವರೆಗಿನ ಸರ್ಕಾರಿ ಶಾಲೆಯ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ 2006–07ರಲ್ಲಿ ಶೇ. 21.9 ಇತ್ತು. 2010–11ರಲ್ಲಿ ಶೇ. 20.7ಕ್ಕೆ ಬಂತು.

"ಶೇ. 5.5ರಷ್ಟು ಇಳಿಕೆ" ಅಂತ ಪ್ರಕಟಣೆ ಹೇಳಿತು. 21.9ರಲ್ಲಿ 20.7 ಕಳೆದರೆ 1.2 ತಾನೆ? ಎರಡೂ ಸರಿ. 100 ಮಕ್ಕಳಲ್ಲಿ ಬೊಜ್ಜಿದ್ದವರು ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಕಡಿಮೆಯಾದರು, ಅದು 1.2. ಮೊದಲಿದ್ದ 21.9ಕ್ಕೆ ಹೋಲಿಸಿದರೆ ಆ 1.2 ಎಷ್ಟು ಪಾಲು ಅಂದರೆ ಶೇ. 5.5. ಸಂಬಳ ಏರಿಕೆ ಹೇಳುವಾಗ ನಾವೂ ಹೀಗೇ ಮಾಡುತ್ತೇವೆ. ದೊಡ್ಡದಾಗಿ ಕಾಣಬೇಕಾದರೆ ಶೇಕಡಾ, ಸಣ್ಣದಾಗಿ ಕಾಣಬೇಕಾದರೆ ರೂಪಾಯಿ. ಪತ್ರಿಕೆಯಲ್ಲಿ "ಇಷ್ಟು ಪರ್ಸೆಂಟ್ ಇಳಿಯಿತು" ಅಂತ ಕಂಡಾಗಲೆಲ್ಲ ಎಷ್ಟರಿಂದ ಎಷ್ಟಕ್ಕೆ ಅಂತ ಕೇಳುವುದು ಒಳ್ಳೆಯದು.

1.2 ಸಣ್ಣ ಸಂಖ್ಯೆ ಅನಿಸಬಹುದು. ಆದರೆ ದಶಕಗಟ್ಟಲೆ ಏರಿದ್ದ ಗೆರೆ ಇಳಿಯಿತಲ್ಲ, ಅದು ದೊಡ್ಡದು. ತೀವ್ರ ಬೊಜ್ಜಿದ್ದ ಮಕ್ಕಳ ಪ್ರಮಾಣವೂ ಶೇ. 6.3ರಿಂದ ಶೇ. 5.7ಕ್ಕೆ ಇಳಿದಿತ್ತು.

ಆದರೆ ಊರಿಗೆಲ್ಲ ಸರಾಸರಿ ಒಂದು ಇಂಚು ಮಳೆ ಆಯಿತು ಅಂದ ಮಾತ್ರಕ್ಕೆ ನಿಮ್ಮ ಹೊಲ ನೆನೆಯಿತು ಅಂತ ಅಲ್ಲ. ಅದೇ ಲೆಕ್ಕವನ್ನು ಬಿಡಿಸಿ ನೋಡಿದಾಗ ಬಿಳಿಯ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ ಮೊದಲಿದ್ದದ್ದಕ್ಕೆ ಹೋಲಿಸಿದರೆ ಶೇ. 12.5ರಷ್ಟು ಇಳಿದಿತ್ತು. ಏಷ್ಯಾ ಮೂಲದ ಮಕ್ಕಳಲ್ಲಿ ಶೇ. 7.6. ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಮಕ್ಕಳಲ್ಲಿ ಶೇ. 3.4. ಕಪ್ಪು ಮಕ್ಕಳಲ್ಲಿ ಬರೀ ಶೇ. 1.9. ಯಾರಿಗೆ ಇಳಿಕೆ ಹೆಚ್ಚು ಬೇಕಿತ್ತೋ ಅವರಿಗೇ ಕಡಿಮೆ ಸಿಕ್ಕಿತು. ಸರಾಸರಿ ಇಳಿಯುತ್ತಿರುವಾಗಲೇ ಮಕ್ಕಳ ನಡುವಿನ ಅಂತರ ಹಿಗ್ಗುತ್ತಿತ್ತು.

ಇದು ಹಣೆಬರಹ ಅಂದುಕೊಳ್ಳಬೇಡಿ. ರೈಲಿನಲ್ಲಿ ಒಂದೂವರೆ ಗಂಟೆ ದೂರದ ಫಿಲಡೆಲ್ಫಿಯಾದಲ್ಲಿ ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ಬೊಜ್ಜು ಶೇ. 21.5ರಿಂದ ಶೇ. 20.5ಕ್ಕೆ ಇಳಿಯಿತು. ಅಲ್ಲಿ ಚೆನ್ನಾಗಿ ಇಳಿದದ್ದು ಕಪ್ಪು ಹುಡುಗರಲ್ಲಿ ಮತ್ತು ಹಿಸ್ಪಾನಿಕ್ ಹುಡುಗಿಯರಲ್ಲಿ, ಎರಡು ಕಡೆಯೂ ಶೇ. 7ಕ್ಕಿಂತ ಜಾಸ್ತಿ. ಫಿಲಡೆಲ್ಫಿಯಾ ಶಾಲೆಗಳು 2004ರಲ್ಲೇ ವೆಂಡಿಂಗ್ ಮೆಷಿನ್‌ಗಳಿಂದ ಸೋಡಾ (ಅಲ್ಲಿ ಹಾಗಂದರೆ ಕೋಲಾದಂಥ ಸಿಹಿ ಪಾನೀಯ) ತೆಗೆದಿದ್ದವು. ಆಮೇಲೆ ಅಡುಗೆಮನೆಯ ಎಣ್ಣೆ ಬಾಣಲೆಗಳು ಹೋದವು, ಕೆನೆಹಾಲಿನ ಬದಲು ಕೆನೆ ತೆಗೆದ ಹಾಲು ಬಂತು. ಇದರಿಂದಲೇ ಇಳಿಯಿತು ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಎರಡು ಘಟನೆ ಒಟ್ಟಿಗೆ ನಡೆದವು ಅಂದರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಅಲ್ಲವಲ್ಲ. ಆದರೆ ಕಪ್ಪು, ಹಿಸ್ಪಾನಿಕ್ ಮಕ್ಕಳಲ್ಲಿ ಇಳಿಯುವುದೇ ಇಲ್ಲ ಅನ್ನುವ ಮಾತು ಸುಳ್ಳಾಯಿತು.

ನ್ಯೂಯಾರ್ಕ್ ಲೆಕ್ಕದಲ್ಲಿ ಇನ್ನೊಂದು ಸುಳಿವಿತ್ತು. ಐದಾರು ವರ್ಷದ ಮಕ್ಕಳಲ್ಲಿ ಬೊಜ್ಜು ಶೇ. 20.2ರಿಂದ ಶೇ. 18.2ಕ್ಕೆ ಇಳಿದಿತ್ತು, ದೊಡ್ಡ ಮಕ್ಕಳಿಗಿಂತ ಚೆನ್ನಾಗಿಯೇ. ಇವರು ಶಾಲೆಗೆ ಆಗಷ್ಟೇ ಬಂದವರು. ಹಾಗಾದರೆ ಬದಲಾವಣೆ ಅದಕ್ಕೂ ಮೊದಲೇ ಆಗಿರಬೇಕು. 2007ರಿಂದ ಅಲ್ಲಿಯ ಶಿಶುಪಾಲನಾ ಕೇಂದ್ರಗಳಿಗೆ ಹೊಸ ನಿಯಮ ಬಂದಿತ್ತು: ಸಿಹಿ ಪಾನೀಯ ಕೊಡುವ ಹಾಗಿಲ್ಲ, ಟಿವಿಗೆ ಮಿತಿ, ದಿನವೂ ಆಟ.

ಚೀಟಿ ಯಾಕೆ ಕೆಲಸ ಮಾಡಲಿಲ್ಲ

ಮಕ್ಕಳ ತೂಕ ಅಳೆದು ಮನೆಗೆ ಪತ್ರ ಕಳಿಸುವ ಐಡಿಯಾ ನ್ಯೂಯಾರ್ಕ್‌ನದಲ್ಲ. 2003ರಲ್ಲಿ ಆರ್ಕಾನ್ಸಾ ರಾಜ್ಯ ಇದಕ್ಕೆ ಕಾನೂನನ್ನೇ ಮಾಡಿತು. ತರ್ಕ ಸರಳ. ತಮ್ಮ ಮಗು ದಪ್ಪಗಿದೆ ಅಂತ ಎಷ್ಟೋ ತಂದೆ ತಾಯಿಗೆ ಅನಿಸುವುದೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ತಿಳಿಸಿದರೆ ಎಚ್ಚರವಾಗುತ್ತಾರೆ, ಎಚ್ಚರವಾದರೆ ತೂಕ ಇಳಿಯುತ್ತದೆ ಅಂತ.

ಆಗುತ್ತದೆಯೇ? ನ್ಯೂಯಾರ್ಕ್‌ನ ಹುಡುಗಿಯರ ಲೆಕ್ಕ ಹಿಡಿದು ಅರ್ಥಶಾಸ್ತ್ರಜ್ಞರು ಒಂದು ಜಾಣ ಹೋಲಿಕೆ ಮಾಡಿದರು. ಗೆರೆಯಿಂದ ಕೂದಲೆಳೆ ಮೇಲಿರುವ ಹುಡುಗಿಗೆ 'ಅಧಿಕ ತೂಕ' ಅಂತ ಚೀಟಿ ಹೋಗುತ್ತದೆ. ಕೂದಲೆಳೆ ಕೆಳಗಿರುವವಳಿಗೆ 'ಸರಿಯಾಗಿದೆ' ಅಂತ ಹೋಗುತ್ತದೆ. ನಿಜಕ್ಕೂ ಇಬ್ಬರ ಮೈಯಲ್ಲಿ ವ್ಯತ್ಯಾಸವೇ ಇಲ್ಲ, ಅಂದು ಬೆಳಗ್ಗೆ ತಿಂದ ತಿಂಡಿಯಷ್ಟು ಇರಬಹುದು. ವ್ಯತ್ಯಾಸ ಇರುವುದು ಚೀಟಿಯಲ್ಲಿ ಮಾತ್ರ. ಮರುವರ್ಷ ಇಬ್ಬರನ್ನೂ ಹೋಲಿಸಿದರೆ ಚೀಟಿಯ ಪ್ರಭಾವ ಎಷ್ಟು ಅಂತ ತಿಳಿಯುತ್ತದೆ. 2016ರಲ್ಲಿ ಬಂದ ಉತ್ತರ: 'ಅಧಿಕ ತೂಕ' ಅನಿಸಿಕೊಂಡ ಹುಡುಗಿಯರು ತೆಳ್ಳಗೇನೂ ಆಗಿರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 79 ಶಾಲೆಗಳನ್ನು ಲಾಟರಿ ಎತ್ತಿದ ಹಾಗೆ ಗುಂಪುಗಳಾಗಿ ಹಂಚಿ ಇನ್ನೂ ಪಕ್ಕಾ ಪರೀಕ್ಷೆ ನಡೆಯಿತು. ಮನೆಗೆ ವರದಿ ಹೋದ ಮಕ್ಕಳಿಗೂ ಹೋಗದ ಮಕ್ಕಳಿಗೂ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಶಾಲೆಯಲ್ಲಿ ತೂಕ ನೋಡಿಸಿಕೊಂಡ ಮಕ್ಕಳಿಗೆ ತಮ್ಮ ಮೈ ಬಗ್ಗೆ ಬೇಸರ ಹೆಚ್ಚಿತ್ತು. ಗೆಳೆಯರ ನಡುವೆ ತೂಕದ ಮಾತೂ ಹೆಚ್ಚಿತ್ತು.

ನನಗೇನೂ ಆಶ್ಚರ್ಯವಾಗಲಿಲ್ಲ. ತರಗತಿಯಲ್ಲಿ 'ಡುಮ್ಮ', 'ಡುಮ್ಮಿ' ಅನಿಸಿಕೊಂಡವರನ್ನು ಕೇಳಿ ನೋಡಿ. ತಾನು ದಪ್ಪಗಿದ್ದೇನೆ ಅನ್ನುವ ಸುದ್ದಿ ಯಾವ ದಪ್ಪ ಮಗುವಿಗೂ ಹೊಸದಲ್ಲ. ಇನ್ನು ಅಮ್ಮನಿಗೆ ಪತ್ರ ತಲುಪಿತು ಅಂತಿಟ್ಟುಕೊಳ್ಳಿ. ನ್ಯೂಯಾರ್ಕ್‌ನ ಬಡವರೇ ಹೆಚ್ಚಿರುವ ಬ್ರಾಂಕ್ಸ್‌ನಲ್ಲಿ ಎರಡು ಶಿಫ್ಟ್ ಕೆಲಸ ಮಾಡಿ ರಾತ್ರಿ ಮನೆಗೆ ಬರುವ ಅಮ್ಮ ಆ ಪತ್ರ ಹಿಡಿದು ಮಾಡುವುದೇನು? ಕೆಳಗಿನ ಅಂಗಡಿಯಲ್ಲಿ ಸಿಗುವುದು ಚಿಪ್ಸ್ ಮತ್ತು ಸೋಡಾ. ನ್ಯೂಯಾರ್ಕ್‌ನ ಹತ್ತಾರು ಲಕ್ಷ ಮಕ್ಕಳ ಮನೆ ವಿಳಾಸ ಹಿಡಿದು ನೋಡಿದ ಅಧ್ಯಯನವೊಂದರಲ್ಲಿ, ಫಾಸ್ಟ್ ಫುಡ್ ಅಂಗಡಿಯಿಂದ ಅರ್ಧ ಬ್ಲಾಕಿನೊಳಗೆ (ಬ್ಲಾಕ್ ಅಂದರೆ ಎರಡು ಅಡ್ಡರಸ್ತೆಗಳ ನಡುವಿನ ದೂರ) ಮನೆಯಿದ್ದ ಮಕ್ಕಳಲ್ಲಿ ಬೊಜ್ಜು ಜಾಸ್ತಿ ಕಂಡಿತು. ಸ್ವಲ್ಪ ದೂರ ಹೋದರೆ ಕಡಿಮೆ. ಚೀಟಿ ಮನೆಯೊಳಗೆ ಬರುತ್ತದೆ, ಬೀದಿ ಹಾಗೇ ಇರುತ್ತದೆ.

ಹಾಗಂತ ಅಳೆಯುವುದೇ ತಪ್ಪು ಅನ್ನುವವನು ನಾನಲ್ಲ. ಅಳೆಯದೇ ಇದ್ದಿದ್ದರೆ ಏರಿದ್ದೂ ಗೊತ್ತಾಗುತ್ತಿರಲಿಲ್ಲ, ಇಳಿದದ್ದೂ ಗೊತ್ತಾಗುತ್ತಿರಲಿಲ್ಲ, ಯಾರಲ್ಲಿ ಇಳಿಯಲಿಲ್ಲ ಅನ್ನುವುದಂತೂ ಗೊತ್ತಾಗುತ್ತಲೇ ಇರಲಿಲ್ಲ. ಕ್ವೆಟೆಲೆಯ ಸೂತ್ರ ಗುಂಪನ್ನು ಅಳೆಯಲು ಅಂತ ಹೇಳಿದೆನಲ್ಲ. ಊರಿನ ಆರೋಗ್ಯ ನೋಡಲು ಅದು ಒಳ್ಳೆಯ ಕನ್ನಡಿ. ಒಂದು ಮಗುವಿನ ಮುಖಕ್ಕೆ ಹಿಡಿದಾಗಲೇ ತೊಂದರೆ.

ನೀರಿನ ಮೆಷಿನ್

2008ರ ಸುಮಾರಿಗೆ ನ್ಯೂಯಾರ್ಕ್ ಶಾಲೆಗಳ ಊಟದ ಕೋಣೆಗೆ 'ವಾಟರ್ ಜೆಟ್' ಬರಲು ಶುರುವಾದವು. ದೊಡ್ಡ ಪಾರದರ್ಶಕ ಡಬ್ಬಿ, ತಣ್ಣನೆ ನೀರು, ಹಿಡಿ ಒತ್ತಿದರೆ ಲೋಟ ತುಂಬುತ್ತದೆ. ಒಂದಕ್ಕೆ ಸುಮಾರು 1000 ಡಾಲರ್. ಎಲ್ಲ ಶಾಲೆಗೂ ಒಂದೇ ದಿನ ಬರಲಿಲ್ಲ, ಒಂದೊಂದು ಶಾಲೆಗೆ ಒಂದೊಂದು ವರ್ಷ ಬಂತು. ಸಂಶೋಧಕರಿಗೆ ಇದು ವರವಾಯಿತು. ಮೆಷಿನ್ ಬರುವ ಮೊದಲು ಮತ್ತು ಬಂದ ಮೇಲೆ, ಅದೇ ಶಾಲೆಯನ್ನು ಅದಕ್ಕೇ ಹೋಲಿಸಬಹುದು. 1,227 ಶಾಲೆ, ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು.

ಮೆಷಿನ್ ಬಂದ ಶಾಲೆಗಳಲ್ಲಿ ಅಧಿಕ ತೂಕದ ಹುಡುಗರ ಪ್ರಮಾಣ 100ಕ್ಕೆ 0.9ರಷ್ಟು, ಹುಡುಗಿಯರದು 0.6ರಷ್ಟು ಕಡಿಮೆಯಾಯಿತು. ಯಾರಿಗೂ ಪಾಠ ಹೇಳಲಿಲ್ಲ, ಯಾರಿಗೂ ಪತ್ರ ಬರೆಯಲಿಲ್ಲ. ಮಕ್ಕಳು ನೀರು ಕುಡಿದರು. ಅದೇ ಹೊತ್ತಿನಲ್ಲಿ ಹಾಲಿನ ಡಬ್ಬಿಗಳ ಖರ್ಚು ಕಡಿಮೆಯಾಯಿತು. ಚಾಕೊಲೇಟ್ ಹಾಲು ಅಲ್ಲಿಯ ಮಕ್ಕಳಿಗೆ ಬಲು ಇಷ್ಟ.

ಒಂದು ಲೋಟ ನೀರಿನಿಂದ ಇಷ್ಟೆಲ್ಲ ಆಗುತ್ತಾ? ಇಲ್ಲೊಂದು ಲೆಕ್ಕ ಸಹಾಯಕ್ಕೆ ಬರುತ್ತದೆ. ಅಮೆರಿಕದ ಮಕ್ಕಳು ಹತ್ತು ವರ್ಷದಲ್ಲಿ ಸರಾಸರಿ ಎಷ್ಟು ಹೆಚ್ಚುವರಿ ತೂಕ ಕಟ್ಟಿಕೊಂಡರೋ, ಅದಕ್ಕೆ ದಿನಕ್ಕೆ ಎಷ್ಟು ಕ್ಯಾಲೊರಿ ಹೆಚ್ಚು ತಿಂದಿರಬೇಕು ಅಂತ 2006ರಲ್ಲಿ ಒಂದು ಅಂದಾಜು ಮಾಡಿದರು. ಬಂದದ್ದು ದಿನಕ್ಕೆ 110ರಿಂದ 165 ಕ್ಯಾಲೊರಿ. 355 ಮಿ.ಲೀ.ನ ಒಂದು ಕ್ಯಾನ್ ಕೋಲಾದಲ್ಲಿ ಇರುವುದು ಸುಮಾರು 140. ಮಕ್ಕಳು ದಪ್ಪಗಾದದ್ದು ಹಬ್ಬದೂಟದಿಂದಲ್ಲ. ದಿನಾ ಒಂದು ಸಣ್ಣ ಡಬ್ಬಿಯಷ್ಟು, ಗೊತ್ತೇ ಆಗದ ಹಾಗೆ. ಹನಿಗೂಡಿದರೆ ಹಳ್ಳ. ಹಳ್ಳ ಬತ್ತಿಸಬೇಕಾದರೂ ಹನಿಯ ಲೆಕ್ಕದಲ್ಲೇ ಹಿಡಿಯಬೇಕಾಗುತ್ತದೆ, ಅದಕ್ಕೇ ನೀರಿನ ಮೆಷಿನ್‌ನಂಥ ಸಪ್ಪೆ ಉಪಾಯಕ್ಕೆ ಬೆಲೆ.

ಶಾಲೆಯ ಊಟದ ಕತೆಯೂ ಸೊಗಸಾಗಿದೆ. ಅಮೆರಿಕದ ಶಾಲಾ ಊಟದ ಕಾಯ್ದೆಗೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1946ರಲ್ಲಿ. ಎರಡನೇ ಮಹಾಯುದ್ಧಕ್ಕೆ ಸೈನಿಕರನ್ನು ಸೇರಿಸಿಕೊಳ್ಳುವಾಗ ಎಷ್ಟೋ ಹುಡುಗರು ಸರಿಯಾದ ಊಟವಿಲ್ಲದೆ ಸೊರಗಿದ್ದು ಕಂಡಿತ್ತು. ಮಕ್ಕಳಿಗೆ ಹೊಟ್ಟೆ ತುಂಬಿಸಿದರೆ ದೇಶಕ್ಕೆ ಸೈನ್ಯ ಅಂತ ಒಂದು ಲೆಕ್ಕ. 2010ರ ಹೊತ್ತಿಗೆ ನಿವೃತ್ತ ಸೇನಾಧಿಕಾರಿಗಳು ಮತ್ತೆ ಎದ್ದು ನಿಂತರು. ಈ ಸಲ ದೂರು ಉಲ್ಟಾ: ಹುಡುಗರು ಸೈನ್ಯಕ್ಕೆ ಸೇರಲಾರದಷ್ಟು ದಪ್ಪಗಾಗಿದ್ದಾರೆ.

ಅದೇ ವರ್ಷ ಹೊಸ ಕಾಯ್ದೆ ಬಂತು. ಆಗಿನ ಅಧ್ಯಕ್ಷರ ಪತ್ನಿ ಮಿಷೆಲ್ ಒಬಾಮಾ ಅದರ ಹಿಂದೆ ನಿಂತಿದ್ದರು. 2012–13ರಿಂದ ಶಾಲೆಯ ತಟ್ಟೆಯಲ್ಲಿ ಹಣ್ಣು, ತರಕಾರಿ, ಇಡೀ ಧಾನ್ಯ ಜಾಸ್ತಿ, ಉಪ್ಪು ಕೊಬ್ಬು ಕಮ್ಮಿ. ನಡುವೆ ಒಂದು ಪ್ರಹಸನವೂ ಆಯಿತು. ಪಿಜ್ಜಾದ ಮೇಲೆ ಬಳಿಯುವ ಎರಡು ಚಮಚ ಟೊಮೆಟೊ ಪೇಸ್ಟನ್ನು ತರಕಾರಿಯ ಒಂದು ಪಾಲು ಅಂತ ಲೆಕ್ಕ ಹಾಕುವ ಹಳೇ ನಿಯಮ ಇತ್ತು. ಕೃಷಿ ಇಲಾಖೆ ಅದನ್ನು ತೆಗೆಯಲು ಹೋದರೆ ಸಂಸತ್ತು 2011ರಲ್ಲಿ ತಡೆಯಿತು. ಪಿಜ್ಜಾ ತರಕಾರಿಯಾಗಿ ಉಳಿಯಿತು! ಇಷ್ಟಾದರೂ ಕಾಯ್ದೆ ಕೆಲಸ ಮಾಡಿತು. 2018ರ ಹೊತ್ತಿಗೆ ಬಡ ಮನೆಗಳ ಮಕ್ಕಳಲ್ಲಿ ಬೊಜ್ಜು, ಕಾಯ್ದೆ ಇಲ್ಲದಿದ್ದರೆ ಇದ್ದದ್ದಕ್ಕಿಂತ ಶೇ. 47ರಷ್ಟು ಜಾಸ್ತಿ ಇರುತ್ತಿತ್ತು ಅಂತ ಒಂದು ಅಧ್ಯಯನದ ಅಂದಾಜು. ಉಳ್ಳವರ ಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಶಾಲೆಯ ಊಟ ನೆಚ್ಚಿಕೊಂಡವರು ಬಡ ಮಕ್ಕಳು, ಅದಕ್ಕೆ.

ಬೇಸಿಗೆ ರಜೆ, ಬಾಗಿಲು ಮುಚ್ಚಿದ ಶಾಲೆ

ಮಕ್ಕಳು ದಪ್ಪಗಾದರೆ ಶಾಲೆಯನ್ನು ಬೈಯುವುದು ಸುಲಭ. ಆಟದ ಮೈದಾನ ಇಲ್ಲ, ದಿನವಿಡೀ ಕೂರಿಸುತ್ತಾರೆ ಅಂತ. 2010ರಲ್ಲಿ ಕಿಂಡರ್‌ಗಾರ್ಟನ್ ಸೇರಿದ ಸುಮಾರು 18 ಸಾವಿರ ಅಮೆರಿಕನ್ ಮಕ್ಕಳನ್ನು ಎರಡನೇ ತರಗತಿ ಮುಗಿಯುವವರೆಗೆ ಹಿಂಬಾಲಿಸಿ ನೋಡಿದರು. ಬೊಜ್ಜು ಶೇ. 8.9ರಿಂದ ಶೇ. 11.5ಕ್ಕೆ ಏರಿತ್ತು. ಯಾವಾಗ ಏರಿತು ಅಂತ ಬಿಡಿಸಿ ನೋಡಿದರೆ ಅಷ್ಟೂ ಏರಿಕೆ ಬೇಸಿಗೆ ರಜೆಗಳಲ್ಲಿ! ಶಾಲೆ ನಡೆಯುವ ತಿಂಗಳುಗಳಲ್ಲಿ ಏರಿಕೆಯೇ ಇಲ್ಲ.

ಯೋಚಿಸಿದರೆ ಅರ್ಥವಾಗುತ್ತದೆ. ಶಾಲೆಯಲ್ಲಿ ಗಂಟೆ ಹೊಡೆದಾಗ ಮಾತ್ರ ಊಟ. ಪಾಠದ ನಡುವೆ ಫ್ರಿಡ್ಜ್ ಬಾಗಿಲು ತೆಗೆಯಲು ಆಗುವುದಿಲ್ಲ. ಬೆಳಗ್ಗೆ ಏಳಲೇಬೇಕು, ಹಾಗಾಗಿ ರಾತ್ರಿ ಮಲಗಲೇಬೇಕು. ರಜೆಯಲ್ಲಿ ಇದೆಲ್ಲ ಸಡಿಲ. ನಮ್ಮ ಕಾಲದ ರಜೆ ಅಂದರೆ ಅಜ್ಜಿ ಊರು, ಕೆರೆ, ಮಾವಿನ ತೋಪು, ಮೈಯೆಲ್ಲ ಮಣ್ಣು. ಅಪಾರ್ಟ್‌ಮೆಂಟಿನ ರಜೆ ಅಂದರೆ ಸೋಫಾ, ಫೋನು, ಕೈಗೆಟಕುವ ಕುರುಕಲು ತಿಂಡಿ.

2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಶಾಲೆಗಳು ಮುಚ್ಚಿದವು. ಜಗತ್ತಿನ ಹೆಚ್ಚುಕಮ್ಮಿ ಎಲ್ಲ ಶಾಲೆಗಳೂ ಮುಚ್ಚಿದವು ಅನ್ನಿ. ಯಾರೂ ಬಯಸದ ದೊಡ್ಡ ಬೇಸಿಗೆ ರಜೆ ಅದು. ಅಮೆರಿಕದ 4.3 ಲಕ್ಷ ಮಕ್ಕಳ ಆಸ್ಪತ್ರೆ ದಾಖಲೆ ನೋಡಿದಾಗ ಬಿಎಂಐ ಏರುವ ವೇಗ ಮೊದಲಿಗಿಂತ ಸುಮಾರು ಎರಡು ಪಟ್ಟಾಗಿತ್ತು. 2019ರ ಆಗಸ್ಟ್‌ನಲ್ಲಿ ಶೇ. 19.3 ಇದ್ದ ಬೊಜ್ಜು ಮರು ಆಗಸ್ಟ್‌ಗೆ ಶೇ. 22.4. ನ್ಯೂಯಾರ್ಕ್ ನಾಲ್ಕು ವರ್ಷ ಒದ್ದಾಡಿ 1.2ರಷ್ಟು ಇಳಿಸಿತ್ತು. ಇಲ್ಲಿ ಒಂದೇ ವರ್ಷದಲ್ಲಿ 3.1 ಏರಿತು.

ನಮ್ಮ ಕಡೆ ಬಂದರೆ

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡದ ಮಕ್ಕಳು ಈ ಲೆಕ್ಕಗಳಲ್ಲಿ 'ಏಷ್ಯನ್' ಅನ್ನುವ ಕಂಬದೊಳಗೆ ಬರುತ್ತಾರೆ. ಆ ಕಂಬ ಯಾವಾಗಲೂ ಕುಳ್ಳಗಿರುತ್ತದೆ, 2017–20ರ ಸಮೀಕ್ಷೆಯಲ್ಲಿ ಶೇ. 9. ನೋಡಿ ಸಮಾಧಾನ ಪಡಬೇಡಿ. ಒಂದೇ ಬಿಎಂಐ ಇದ್ದರೂ ಭಾರತೀಯರ ಮೈಯಲ್ಲಿ ಕೊಬ್ಬಿನ ಪಾಲು ಜಾಸ್ತಿ, ಸ್ನಾಯು ಕಡಿಮೆ. ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಅದಕ್ಕೇ ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ತನ್ನದೇ ಪಟ್ಟಿ ಮಾಡಿತು. ಅದರಲ್ಲಿ ಅಧಿಕ ತೂಕದ ಗೆರೆ ದೊಡ್ಡವರ 25ರ ಬದಲು 23ಕ್ಕೆ, ಬೊಜ್ಜಿನ ಗೆರೆ 30ರ ಬದಲು 27ಕ್ಕೆ ಹೊಂದುವ ಹಾಗಿದೆ. ಅಮೆರಿಕದ ಚೀಟಿಯಲ್ಲಿ ಪಾಸಾದ ಮಗು ಬೆಂಗಳೂರಿನ ಡಾಕ್ಟರ ಪಟ್ಟಿಯಲ್ಲಿ ಗೆರೆ ದಾಟಿರಬಹುದು.

ಇನ್ನು ಭಾರತದೊಳಗೆ. 2016–18ರಲ್ಲಿ ನಡೆದ ದೇಶವ್ಯಾಪಿ ಪೌಷ್ಟಿಕತೆ ಸಮೀಕ್ಷೆಯ ಪ್ರಕಾರ 10ರಿಂದ 19 ವರ್ಷದ ಮಕ್ಕಳಲ್ಲಿ ಶೇ. 24ರಷ್ಟು ತೀರಾ ತೆಳ್ಳಗೆ, ಶೇ. 5ರಷ್ಟು ಅಧಿಕ ತೂಕ. ಒಂದೇ ಊರಿನಲ್ಲಿ ಎರಡೂ. ಐದು ವರ್ಷದೊಳಗಿನ ಮಕ್ಕಳಲ್ಲಿ ಅಧಿಕ ತೂಕ 2015–16ರಲ್ಲಿ ಶೇ. 2.1 ಇದ್ದದ್ದು 2019–21ಕ್ಕೆ ಶೇ. 3.4 ಆಗಿದೆ. ನಮ್ಮ ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿದ್ದು ಸರಿಯಾಗಿಯೇ ಇದೆ, ಅಲ್ಲಿ ಹಸಿವಿದೆ. ಕುರುಕಲು ತಿಂಡಿಯ ಕಾಟ ಸದ್ಯಕ್ಕೆ ಹೆಚ್ಚಾಗಿ ಫೀಸು ಕಟ್ಟುವ ಶಾಲೆಗಳ ಟಿಫಿನ್ ಡಬ್ಬಿಯಲ್ಲಿದೆ. ಆದರೆ ಅಮೆರಿಕದಲ್ಲೂ ಬೊಜ್ಜು ಬಡವರ ಮನೆ ಸೇರಿದ್ದು ಸಕ್ಕರೆ, ಎಣ್ಣೆ, ಪ್ಯಾಕೆಟ್ ತಿಂಡಿ ಎಲ್ಲಕ್ಕಿಂತ ಅಗ್ಗವಾದಾಗ. ಐದು ರೂಪಾಯಿ ಪ್ಯಾಕೆಟ್ ಈಗ ಎಲ್ಲ ಹಳ್ಳಿಯ ಅಂಗಡಿಯಲ್ಲೂ ನೇತಾಡುತ್ತಿದೆ. ಒಂದು ಬಾಳೆಹಣ್ಣಿನ ಬೆಲೆಯನ್ನು ಅದರ ಪಕ್ಕ ಇಟ್ಟು ನೋಡಿ.

ನಿಯಮಗಳು ಬಂದಿವೆ. ಶಾಲೆಯಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿಯಿರುವ ತಿಂಡಿ ಮಾರಬಾರದು ಅಂತ 2020ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿತು. ಯಾವುದಾದರೂ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಸುಮ್ನೆ ನಿಂತು ನೋಡಿ, 50 ಮೀಟರ್ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. 2025ರಲ್ಲಿ ಸಿಬಿಎಸ್‌ಇ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಲು ಹೇಳಿತು, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಅಂತ ತೋರಿಸುವ ಬೋರ್ಡು. ಒಳ್ಳೆಯದೇ. ಆದರೆ ಅದೂ ಒಂದು ಥರದ ಚೀಟಿ.

ನೀರಿನ ಕಡೆಗೂ ಒಮ್ಮೆ ಕೈ ಹಾಕಿದ್ದೆವು. 2019ರಲ್ಲಿ ಕೇರಳದ ಶಾಲೆಗಳ 'ವಾಟರ್ ಬೆಲ್' ಸುದ್ದಿಯಾಯಿತು. ದಿನಕ್ಕೆ ಕೆಲವು ಸಲ ಗಂಟೆ ಹೊಡೆಯುವುದು, ಮಕ್ಕಳೆಲ್ಲ ಪಾಠ ನಿಲ್ಲಿಸಿ ನೀರು ಕುಡಿಯುವುದು. ಕರ್ನಾಟಕವೂ ಅದನ್ನು ಜಾರಿಗೆ ತರಲು ಹೊರಟಿತು. ಉದ್ದೇಶ ತೂಕ ಇಳಿಸುವುದಲ್ಲ, ಮಕ್ಕಳು ಬಾಟಲಿ ತುಂಬ ತಂದ ನೀರನ್ನು ಹಾಗೇ ಮನೆಗೆ ಒಯ್ಯುತ್ತಿದ್ದರು, ಅದಕ್ಕೆ. ಆಗ ಟೀಚರುಗಳು ಹೇಳಿದ ಮಾತು ಬೇರೆ. ಹುಡುಗಿಯರು ನೀರು ಕುಡಿಯದೇ ಇರುವುದು ಮರೆತು ಅಲ್ಲ, ಶಾಲೆಯ ಶೌಚಾಲಯಕ್ಕೆ ಹೋಗಬೇಕಾಗುತ್ತದಲ್ಲ ಅಂತ.